ದನ ಕಾಯೋನ ಕಲ್ಲು

42 ಸಾವಿರ ಕೊಟ್ಟು ಮೌಂಟನ್ ಬೈಕ್ ತಗೊಂಡೆ ಅಂತ ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಲೀಟರಿಗೆ ಎಷ್ಟು ಕೊಡುತ್ತೆ?" ಬೈಕಲ್ಲ, ಸೈಕಲ್ಲಪ್ಪಾ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಷ್ಟು ದುಡ್ಡಿಗೆ ಒಂದು ಒಳ್ಳೇ ಹಸು ಬರ್ತಿತ್ತಲ್ಲೋ" ಅಂದರು.

ಅವರ ಮಾತು ತಪ್ಪೇನಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಹಳೇ ಸೈಕಲ್‌ಗಳಿಗೆ ದಪ್ಪ ಟೈರ್ ಹಾಕಿ ಗುಡ್ಡದ ಮಣ್ಣುದಾರಿಯಲ್ಲಿ ಇಳಿಸಿದ್ದರಿಂದ ಈ ಮೌಂಟನ್ ಬೈಕಿಂಗ್ ಶುರುವಾಯಿತು ಅಂತಾರೆ. ಆದರೆ ಹಾಸನ ಜಿಲ್ಲೆಯ ನಮ್ಮೂರಲ್ಲಿ ಹಾಲಿನವನು ಎರಡೂ ಕಡೆ ಕ್ಯಾನು ಕಟ್ಟಿಕೊಂಡು, ಗೇರಿಲ್ಲದ ಹೀರೋ ಸೈಕಲ್ಲಿನಲ್ಲಿ ಕೆರೆ ಏರಿ ಹತ್ತಿ ಇಳಿಯುತ್ತಿದ್ದ. ಹೆಲ್ಮೆಟ್ಟೂ ಇಲ್ಲ, ಒಂದು ಹನಿ ಹಾಲೂ ಚೆಲ್ಲುತ್ತಿರಲಿಲ್ಲ. ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಇರಲಿ. ಈ ಸೈಕಲ್ಲಿಂದ ನನಗಾದ ಲಾಭ ಹೊಟ್ಟೆ ಕರಗಿದ್ದಲ್ಲ. ಹದಿನೇಳು ವರ್ಷದ ಹಿಂದೆ ನಾನೇ ಮಾಡಿದ ಒಂದು ತಪ್ಪು ಕಣ್ಣಿಗೆ ಬಿತ್ತು. ಅದನ್ನು ಹೇಳೋಕೆ ಸ್ವಲ್ಪ ಸುತ್ತಿ ಬರಬೇಕು.

ಹೋದ ನವೆಂಬರಿನಲ್ಲಿ ಆಫೀಸಿನ ಇಬ್ಬರು ಗೆಳೆಯರ ಜೊತೆ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಶಿಕಾರಿಪುರಕ್ಕೆ ಹೋದೆ. ಕಾರನ್ನು ಲಾಡ್ಜಿನಲ್ಲಿ ಬಿಟ್ಟು, ಅಲ್ಲಿಂದ ಸೈಕಲ್ಲು. ಆ ಸೀಮೆ ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ರಸ್ತೆ ಏರುತ್ತೆ, ಇಳಿಯುತ್ತೆ, ಆದರೆ ಉಸಿರು ಕಟ್ಟಿಸುವುದಿಲ್ಲ. ಒಂದು ಕಡೆ ಕಟಾವಿಗೆ ಬಂದ ಭತ್ತ, ಇನ್ನೊಂದು ಕಡೆ ಅಡಿಕೆ ತೋಟ, ಮಧ್ಯೆ ಮಧ್ಯೆ ತೇಗದ ಕಾಡು. ಟಾರ್ ರಸ್ತೆಯ ಅರ್ಧಭಾಗ ಮೆಕ್ಕೆಜೋಳ ಒಣಗಿಸುವವರದು. ಊರಿಗೊಂದು ಕೆರೆ, ಕೆರೆಗೊಂದು ಏರಿ, ಏರಿಯ ಮೇಲೊಂದು ಮಣ್ಣುದಾರಿ. ಮೌಂಟನ್ ಬೈಕಿಗೆ ಇನ್ನೇನು ಬೇಕು?

ಕಾರಿನಲ್ಲಿ ಹೋದರೆ ಇಲ್ಲಿ ಕಾಣುವುದು ಬೋರ್ಡುಗಳು ಮಾತ್ರ. ಸೈಕಲ್ಲಿನಲ್ಲಿ ಹೋದರೆ ಕಲ್ಲುಗಳು ಕಾಣುತ್ತವೆ. ಬೇಲಿ ಮಧ್ಯೆ ಒಂದು, ಆಲದ ಬುಡದಲ್ಲಿ ಮೂರು, ಬಸ್ ಸ್ಟಾಪಿನ ಹಿಂದೆ ಅರ್ಧ ಹೂತುಹೋದದ್ದು ಒಂದು. ಮೊದಲ ಅರ್ಧ ದಿನ ನಾವು ಅವುಗಳಿಗೆ ಸೈಕಲ್ ಒರಗಿಸಿ ಫೋಟೋ ತೆಗೆದುಕೊಂಡೆವು. ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಒಂದು ಕೆರೆ ಏರಿ ಮೇಲೆ ಗೆಳೆಯನ ಸೈಕಲ್ ಪಂಕ್ಚರ್ ಆಯಿತು. ಅವನು ಟ್ಯೂಬ್ ಬಿಚ್ಚುತ್ತಿದ್ದಾಗ, ಎಮ್ಮೆ ಮೇಯಿಸುತ್ತಿದ್ದ ಒಬ್ಬ ಅಜ್ಜ ಬಂದು ಪಕ್ಕದಲ್ಲಿ ಕೂತರು. ಯಾವೂರು, ಏನು ಕೆಲಸ, ಸಂಬಳ ಎಷ್ಟು, ಮದುವೆ ಆಗಿದೆಯಾ, ಎಲ್ಲ ವಿಚಾರಣೆ ಮುಗಿದ ಮೇಲೆ, ನಾನು ಒರಗಿಕೊಂಡಿದ್ದ ಕಲ್ಲು ತೋರಿಸಿ, "ಅದೇನು ಅಂತ ಗೊತ್ತೇನು ತಮ್ಮಾ?" ಅಂದರು.

"ವೀರಗಲ್ಲು ಅಲ್ವಾ ಅಜ್ಜ?"

"ಹೌದು. ಓದಾಕ್ ಬರ್ತದ?"

ಅಕ್ಷರ ಹಳೇದು, ಓದೋಕೆ ಬರಲ್ಲ ಅಂದೆ. ಅವರು ನಕ್ಕರು. "ಅಕ್ಷರ ನನಗೂ ಬರಂಗಿಲ್ಲ. ಚಿತ್ರ ಓದಪ್ಪ. ಕೆಳಗಿಂದ ಮ್ಯಾಲಕ್ಕ ಓದ್ಬೇಕು."

ಓದಿದೆವು. ಕೆಳಗಿನ ಪಟ್ಟಿಯಲ್ಲಿ ಒಬ್ಬ ಬಿಲ್ಲು ಎಳೆದು ನಿಂತಿದ್ದಾನೆ. ಎದುರಿಗೆ ನಾಲ್ಕೈದು ಜನ. ಅವನ ಹಿಂದೆ, ಚಿಕ್ಕದಾಗಿ, ಸಾಲಾಗಿ ದನಗಳು. ಮಧ್ಯದ ಪಟ್ಟಿಯಲ್ಲಿ ಅದೇ ಮನುಷ್ಯನನ್ನು ಇಬ್ಬರು ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿಬ್ಬರು ಇರುವವರೆಗೂ ಇವನ ಹೆಸರು ಇರಲಿ ಅಂತ.

"ದನ ಹೊಡ್ಕಂಡು ಹೋಗಾಕ್ ಬಂದಿದ್ರು. ಅಡ್ಡ ನಿಂತ. ಸತ್ತ. ದನ ಉಳಿದ್ವು," ಅಂದರು ಅಜ್ಜ. ಮೂರು ಪಟ್ಟಿಯ ಕಥೆ, ನಾಲ್ಕು ಮಾತಿನಲ್ಲಿ.

ಆಗ ನನಗೆ ನಮ್ಮೂರಿನ ಕಲ್ಲು ನೆನಪಾಯಿತು. ಆದರೆ ಅದನ್ನು ಅಲ್ಲಿ ಬಾಯಿ ಬಿಟ್ಟು ಹೇಳಲಿಲ್ಲ.

ಈ ದನ ಹೊಡೆದುಕೊಂಡು ಹೋಗುವ ಜಗಳಕ್ಕೆ ಶಾಸನಗಳಲ್ಲಿ 'ತುರುಗೊಳ್' ಅಂತ ಹೆಸರು. ತುರು ಅಂದ್ರೆ ದನ. ನಮಗೆ ಇದು ಸಣ್ಣ ಕಳ್ಳತನದ ಹಾಗೆ ಕಾಣುತ್ತೆ. ಆದರೆ ಸಾವಿರ ವರ್ಷದ ಹಿಂದೆ ಒಂದು ಊರಿನ ಬ್ಯಾಂಕ್ ಬ್ಯಾಲೆನ್ಸು, ಟ್ರ್ಯಾಕ್ಟರು, ಗೊಬ್ಬರದಂಗಡಿ ಎಲ್ಲವೂ ಆ ಮಂದೆಯೇ. ಅದು ಹೋದರೆ ಮುಂದಿನ ಮಳೆಗಾಲಕ್ಕೆ ಉಳುಮೆ ಇಲ್ಲ. ರಾಜರು ಯುದ್ಧಕ್ಕೆ ಕಾಲು ಕೆರೆಯಬೇಕಾದರೂ ಮೊದಲು ಗಡಿ ಊರಿನ ದನ ಹೊಡೆಸುತ್ತಿದ್ದರು. ಶಿಕಾರಿಪುರ, ಸೊರಬದ ಈ ಭಾಗವೆಲ್ಲ ಆಗ 'ಬನವಾಸಿ ಪನ್ನಿರ್ಚ್ಛಾಸಿರ' ಎಂಬ ಪ್ರಾಂತ್ಯ. ಅಂದ್ರೆ ಬನವಾಸಿ ಹನ್ನೆರಡು ಸಾವಿರ. ಚಾಲುಕ್ಯರು, ಕಳಚುರಿಗಳು, ಹೊಯ್ಸಳರು, ಸೇವುಣರು, ಎಲ್ಲರಿಗೂ ಇದರ ಮೇಲೆ ಕಣ್ಣು. ದೊಡ್ಡವರು ಕಿತ್ತಾಡಿದಾಗಲೆಲ್ಲ ಸತ್ತವರು ಊರಿನವರು. ಇಲ್ಲಿ ವೀರಗಲ್ಲುಗಳು ಇಷ್ಟು ದಟ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ದನಕ್ಕೆ ಮಾತ್ರವಲ್ಲ. ಊರು ಹಾಳುಮಾಡಲು ಬಂದವರ ಎದುರು ನಿಂತರೆ 'ಊರಳಿವು'. ಹೆಂಗಸರ ಕೂಗು ಕೇಳಿ ಓಡಿಹೋಗಿ ಕಾದಿದರೆ 'ಪೆಣ್ಬುಯ್ಯಲ್'. ಹೀಗೆ ಒಂದೊಂದು ಸಾವಿಗೂ ಒಂದೊಂದು ಹೆಸರು. ಸತ್ತವನ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ಅದನ್ನು 'ನೆತ್ತರುಗೊಡಗೆ' ಅನ್ನುತ್ತಿದ್ದರು, 'ಬಾಳ್ಗಳ್ಚು' ಅಂತಲೂ ಕರೆಯುತ್ತಿದ್ದರು. ಬಾಳ್ ಅಂದ್ರೆ ಕತ್ತಿ, ಕಳ್ಚು ಅಂದ್ರೆ ತೊಳೆಯುವುದು, ರಕ್ತದ ಕತ್ತಿ ತೊಳೆದು ಕೊಟ್ಟ ಭೂಮಿ. ನಮ್ಮ ಟರ್ಮ್ ಇನ್ಶೂರೆನ್ಸಿನ ಮುತ್ತಜ್ಜ ಅನ್ನಿ. ಸ್ಕೂಲಲ್ಲಿ ಬಾಯಿಪಾಠ ಮಾಡಿದ ನಮ್ಮದೇ ಜಿಲ್ಲೆಯ ಹಲ್ಮಿಡಿ ಶಾಸನ ಇದೆಯಲ್ಲ, ಸುಮಾರು ಕ್ರಿ.ಶ. 450ರದು, ಅದರಲ್ಲೂ ಇರುವುದು ಇದೇ ಬಾಳ್ಗಳ್ಚು. ವಿಜಅರಸ ಎಂಬವನಿಗೆ ಯುದ್ಧದಲ್ಲಿ ಕಾದಿದ್ದಕ್ಕೆ ಕೊಟ್ಟ ಭೂಮಿಯ ಪತ್ರ ಅದು. 'ಕನ್ನಡದ ಮೊದಲ ಶಾಸನ ಯಾವುದು' ಎಂಬ ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದೆನೇ ಹೊರತು, ಅದರಲ್ಲಿ ಏನು ಬರೆದಿದೆ ಅಂತ ನಾನೂ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ.

ಮನುಷ್ಯರಿಗೆ ಮಾತ್ರ ಕಲ್ಲು ಅಂದುಕೊಳ್ಳಬೇಡಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 949ರ ಒಂದು ಕಲ್ಲು ಸಿಕ್ಕಿತು. ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೆರನಿಗೆ ಗಂಗ ದೊರೆ ಬೂತುಗ ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೂ ಕಲ್ಲು ನಿಲ್ಲಿಸಿದರು. ಈಗ ಅದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ಕಬ್ಬನ್ ಪಾರ್ಕಿನ ಪಕ್ಕ. ಭಾನುವಾರ ನಾಯಿ ಕರೆದುಕೊಂಡು ಕಬ್ಬನ್ ಪಾರ್ಕಿಗೆ ಹೋಗುವವರು ಒಮ್ಮೆ ನೋಡಿಬನ್ನಿ.

ಅಜ್ಜನಿಗೆ ಕೈಮುಗಿದು ಮುಂದೆ ಹೋದೆವು. ಮಧ್ಯಾಹ್ನದ ಹೊತ್ತಿಗೆ ಬಳ್ಳಿಗಾವಿ.

ಈಗಿನ ಬಳ್ಳಿಗಾವಿ ಒಂದು ಸಾಧಾರಣ ಹಳ್ಳಿ. ಹನ್ನೆರಡನೇ ಶತಮಾನದಲ್ಲಿ ಇದು ರಾಜಧಾನಿಗೆ ಸಮನಾದ ಪಟ್ಟಣ. ಅಲ್ಲಮಪ್ರಭು ಹುಟ್ಟಿದ ಊರು ಅಂತ ಪ್ರತೀತಿ. ಪ್ರಾಂತ್ಯ ಆಳುತ್ತಿದ್ದ ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬ ಇಂದಿಗೂ ಇಲ್ಲಿದೆ. ನಮ್ಮ ರಾಜ್ಯದ ಲಾಂಛನದ ಎರಡು ತಲೆಯ ಹಕ್ಕಿಯೇ ಅದು.

ಕೇದಾರೇಶ್ವರ ದೇವಸ್ಥಾನದ ಹತ್ತಿರ ಒಂದು ಕಾಲದಲ್ಲಿ 'ಕೋಡಿಯ ಮಠ' ಇತ್ತು. ತಾವರೆಕೆರೆಯ ಕೋಡಿಯ ಹತ್ತಿರ ಇದ್ದದ್ದರಿಂದ ಆ ಹೆಸರು. ನನಗೆ ಇದು ತುಂಬಾ ಹಿಡಿಸಿತು. ಕೆರೆ ತುಂಬಿ ಹೆಚ್ಚಾದ ನೀರು ಹರಿದುಹೋಗುವ ಜಾಗದ ಹೆಸರಿನಲ್ಲಿ ಒಂದು ವಿದ್ಯಾಲಯ! 1162ರ ಶಾಸನ ಆ ಮಠ ಏನೇನು ಮಾಡುತ್ತಿತ್ತು ಅಂತ ಪಟ್ಟಿ ಕೊಡುತ್ತೆ. ವೇದ, ವ್ಯಾಕರಣ, ದರ್ಶನಗಳ ಪಾಠ. ಕುಂಟರು, ಕುರುಡರು, ಕಿವುಡರು, ಹಾಡುವವರು, ಎಲ್ಲರಿಗೂ ಅನ್ನ. ಶೈವ ಮಠವಾದರೂ ಜೈನ ಮುನಿಗಳಿಗೂ ಬೌದ್ಧ ಭಿಕ್ಷುಗಳಿಗೂ ಅಲ್ಲಿ ಊಟ. ರೋಗಿಗಳಿಗೆ ಮದ್ದು. ಭಯದಲ್ಲಿ ಬಂದವರಿಗೆ ಆಸರೆ.

ಇದೆಲ್ಲ ನಮಗೆ ಹೇಗೆ ಗೊತ್ತಾಯಿತು? ಬಿ.ಎಲ್. ರೈಸ್ ಅವರಿಂದ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಈ ಇಂಗ್ಲಿಷಿನವರು ಮೈಸೂರು ಸಂಸ್ಥಾನದ ಸುಮಾರು 9 ಸಾವಿರ ಶಾಸನಗಳನ್ನು ನಕಲು ಮಾಡಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಈ ತಾಲ್ಲೂಕಿನದು 1902ರಲ್ಲಿ ಬಂದ ಏಳನೇ ಸಂಪುಟ. ಅದರಲ್ಲಿ ಪ್ರತಿ ಕಲ್ಲಿಗೂ ಒಂದು ಐಡಿ ಇದೆ. ಕೋಡಿಯ ಮಠದ್ದು ಶಿಕಾರಿಪುರ 102. ನಮ್ಮ ಟಿಕೆಟ್ ನಂಬರ್ ಹಾಗೇ. ಮೊಬೈಲಿನಲ್ಲಿ ಆ ಸಂಪುಟದ ಸ್ಕ್ಯಾನ್ ತೆರೆದು, ಎದುರಿಗೆ ಕಲ್ಲು ನೋಡುತ್ತಾ ನಿಂತಾಗ, ನೂರಿಪ್ಪತ್ತು ವರ್ಷದ ಹಿಂದೆ ಇದನ್ನು ಮಾಡಿದವರ ತಾಳ್ಮೆಗೆ ದೊಡ್ಡ ನಮಸ್ಕಾರ ಅನ್ನಿಸಿತು. ಅವರ ಹತ್ತಿರ ಗೇರ್ ಸೈಕಲ್ಲೂ ಇರಲಿಲ್ಲ, ಗೂಗಲ್ ಮ್ಯಾಪೂ ಇರಲಿಲ್ಲ.

ಶಿಕಾರಿಪುರ 176 ನೋಡಲು ಅಲ್ಲೇ ಹತ್ತಿರದ ತಾಳಗುಂದಕ್ಕೆ ಹೋದೆವು. ಪ್ರಣವೇಶ್ವರ ದೇವಸ್ಥಾನದ ಮುಂದೆ ನಿಂತ ಕಂಬ. ಐದನೇ ಶತಮಾನದ್ದು. ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದದ್ದು. ಮಯೂರಶರ್ಮನ ಕಥೆ ನಮಗೆ ಸಿಗುವುದು ಇದರಿಂದಲೇ. ತನ್ನ ಗುರು ವೀರಶರ್ಮನ ಜೊತೆ ಓದಲು ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆಯವನ ಜೊತೆ ಜಗಳವಾಯಿತು. ಅವಮಾನ ತಡೆಯಲಾರದೆ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಕಾಡು ಸೇರಿ ಪಲ್ಲವರನ್ನು ಕಾಡಿದ. ಕೊನೆಗೆ ಅವರೇ ಇವನನ್ನು ರಾಜ ಅಂತ ಒಪ್ಪಬೇಕಾಯಿತು. ಸಿನಿಮಾ ನೋಡಿ ಬೆಳೆದ ನಮಗೆ 'ಮಯೂರ' ಅಂದರೆ ಡಾ. ರಾಜ್. ಆದರೆ ಆ ಕಥೆಯ ಮೂಲಪ್ರತಿ ಇಲ್ಲಿ, ಬಿಸಿಲಲ್ಲಿ ನಿಂತಿದೆ.

ಇದೇ ದೇವಸ್ಥಾನದ ಆವರಣದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು ಅಗೆದಾಗ, ಮೆಟ್ಟಿಲ ಪಕ್ಕದ ಸಿಂಹಕಟಾಂಜನದ ಮೇಲೆ ಇನ್ನೊಂದು ಶಾಸನ ಸಿಕ್ಕಿತು. ಸಂಸ್ಕೃತದ ಜೊತೆ ಕನ್ನಡವೂ ಇದೆ. ಅದರ ಕಾಲ ಕ್ರಿ.ಶ. 370 ಎಂಬುದು ಇಲಾಖೆಯ ಲೆಕ್ಕ. ಹಾಗಾದರೆ ಹಲ್ಮಿಡಿಗಿಂತ 80 ವರ್ಷ ಹಳೇದು. ನೋಡಿ, ಇಷ್ಟು ದಿನ ಅದು ಮಣ್ಣೊಳಗೆ ಇತ್ತು. ಮಣ್ಣು ಅದನ್ನು ಕಾಪಾಡಿತ್ತು.

ಆ ರಾತ್ರಿ ಶಿರಾಳಕೊಪ್ಪದಲ್ಲಿ ಉಳಿದೆವು. ಕಾಲು ನೋವಿತ್ತು, ಆದರೂ ನಿದ್ದೆ ಬರಲಿಲ್ಲ. ಯೋಚನೆಯೆಲ್ಲ ನಮ್ಮೂರಿನ ಕಲ್ಲಿನದೇ.

ನಮ್ಮ ಗದ್ದೆಯ ಮೂಲೆಯಲ್ಲಿ, ಬೇವಿನ ಮರದ ಕೆಳಗೆ ಒಂದು ಕಲ್ಲಿತ್ತು. ನಾಲ್ಕಡಿ ಎತ್ತರ, ಎರಡಡಿ ಅಗಲ. ಕೆತ್ತನೆ ಇತ್ತು, ಅದರ ಮೇಲೆ ಕುಂಕುಮ, ಎಣ್ಣೆ ಮೆತ್ತಿ ಏನೂ ಕಾಣುತ್ತಿರಲಿಲ್ಲ. ಮನೆಯಲ್ಲಿ ಹಸು ಕರು ಹಾಕಿದರೆ ಅಜ್ಜಿ ಒಂದು ಲೋಟ ಹಾಲು ತಗೊಂಡು ಹೋಗಿ ಆ ಕಲ್ಲಿನ ಮೇಲೆ ಹುಯ್ದು ಬರುತ್ತಿದ್ದಳು. "ಯಾಕಜ್ಜಿ ಹಾಲು ದಂಡ ಮಾಡ್ತೀಯ?" ಅಂದರೆ, "ದನ ಕಾಯೋನು ಕಣೋ ಅವ್ನು. ಅವ್ನ ಪಾಲು ಅವ್ನಿಗೆ ಕೊಡಬೇಕು" ಅನ್ನುತ್ತಿದ್ದಳು. ಅಜ್ಜಿಯ ಮೂಢನಂಬಿಕೆ ಅಂದುಕೊಂಡಿದ್ದೆ.

2008. ನಾನು ಎರಡನೇ ವರ್ಷದ ಬಿಇ. ಅಜ್ಜಿ ಹೋಗಿ ಎರಡು ವರ್ಷವಾಗಿತ್ತು. ಬೇಸಿಗೆ ರಜೆಗೆ ಊರಿಗೆ ಹೋದಾಗ ಅಪ್ಪ, ಚಿಕ್ಕಪ್ಪ ಇಬ್ಬರೂ ಗದ್ದೆಗೆ ಟ್ರ್ಯಾಕ್ಟರ್ ಇಳಿಸಲು ಕಾಲುವೆಗೆ ಅಡ್ಡ ಏನು ಹಾಕುವುದು ಅಂತ ಯೋಚಿಸುತ್ತಿದ್ದರು. ಸಿಮೆಂಟ್ ಪೈಪ್ ತರಲು ದುಡ್ಡಿರಲಿಲ್ಲ. "ಆ ಕಲ್ಲು ಇದೆಯಲ್ಲಪ್ಪ, ಅಳತೆ ಸರಿಯಾಗಿದೆ" ಅಂದೆ. ಅಪ್ಪ ಅನುಮಾನಿಸಿದರು. "ಅವ್ವ ಪೂಜೆ ಮಾಡ್ತಿದ್ಲಲ್ಲೋ." ನಾನು ಇಂಜಿನಿಯರ್! ಎಷ್ಟು ದಪ್ಪದ ಕಲ್ಲು ಎಷ್ಟು ಭಾರ ತಡೆಯುತ್ತೆ ಅಂತ ಲೆಕ್ಕ ಹಾಕಿ ತೋರಿಸಿದೆ. ಓದಿದ ಮಗ ಹೇಳಿದ್ದಾನೆ, ಸರಿ ಇರುತ್ತೆ ಅಂದುಕೊಂಡರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದೆವು. ಮೇಲ್ಭಾಗ ಸಮವಾಗಿರಲಿ ಅಂತ ಕೆತ್ತನೆಯ ಮುಖವನ್ನು ಕೆಳಗೆ ಮಾಡಿ, ಕಾಲುವೆಗೆ ಅಡ್ಡ ಮಲಗಿಸಿದೆವು. ಹಾಗೆ ಮಲಗಿಸಿ ಅನ್ನುವ ಸಲಹೆಯೂ ನನ್ನದೇ.

ವೀರಗಲ್ಲುಗಳು ಹೇಗೆ ಹಾಳಾಗುತ್ತವೆ ಅಂತ ಕೇಳಿದರೆ ನಾವು ದಾಳಿ, ಯುದ್ಧ, ನಿಧಿಗಳ್ಳರು ಅಂತೆಲ್ಲ ಹೇಳುತ್ತೇವೆ. ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನಮ್ಮೂರಿನ ಕಲ್ಲು ಸಾವಿರ ವರ್ಷದ ದಾಳಿ ತಡೆದುಕೊಂಡಿತ್ತು. ಅಕ್ಷರ ಬಾರದ ಅಜ್ಜಿಯರ ಕೈಯಲ್ಲಿ ಕ್ಷೇಮವಾಗಿತ್ತು. ಮನೆಯ ಮೊದಲ ಬಿಇ ಬಂದ, ಮಗುಚಿ ಹಾಕಿದ.

ಮರುದಿನ ಶಿಕಾರಿಪುರಕ್ಕೆ ವಾಪಸ್ ಬಂದು, ಮಧ್ಯಾಹ್ನ ಈಸೂರಿಗೆ ಹೋದೆವು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ, ನಾವೇ ಸ್ವತಂತ್ರರು ಅಂತ ಘೋಷಿಸಿಕೊಂಡು, ತಮ್ಮದೇ ಸರ್ಕಾರ ಕಟ್ಟಿಕೊಂಡ ಊರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ನೇಮಿಸಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಪೊಲೀಸರೊಂದಿಗೆ ಬಂದಾಗ ಘರ್ಷಣೆಯಾಗಿ ಅವರಿಬ್ಬರೂ ಪ್ರಾಣ ಕಳೆದುಕೊಂಡರು. ಆಮೇಲೆ ಊರಿನ ಮೇಲೆ ನಡೆದ ಹಿಂಸೆಗೆ ಜನ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ, ಈ ಐವರನ್ನು ಗಲ್ಲಿಗೇರಿಸಿದರು.

ಅಲ್ಲಿ ಹುತಾತ್ಮರ ಸ್ಮಾರಕವಿದೆ. ಅದರ ಮುಂದೆ ನಿಂತಾಗ ನನಗನ್ನಿಸಿದ್ದು, ಇದೂ ಒಂದು ವೀರಗಲ್ಲೇ. ಅಪ್ಸರೆಯರಿಲ್ಲ, ಅಷ್ಟೆ. ಊರಿಗೋಸ್ಕರ ಸತ್ತವನ ಹೆಸರು ಊರಿನವರು ಕಲ್ಲಿನಲ್ಲಿ ಹಾಕುವ ಪದ್ಧತಿ ಈ ಸೀಮೆಯಲ್ಲಿ ನಿಂತೇ ಇಲ್ಲ. ವೀರಗಲ್ಲಿನಲ್ಲಿ ಎದುರುಗಡೆಯವರಿಗೆ ಹೆಸರಿರುವುದಿಲ್ಲ ಎಂಬುದೂ ಅಲ್ಲಿ ನಿಂತಾಗಲೇ ಹೊಳೆಯಿತು. ಆ ಅಮಲ್ದಾರರೂ ಯಾರದೋ ಮನೆಯ ಮಗನೇ.

ಬೆಂಗಳೂರಿಗೆ ಬಂದವನು ಅಪ್ಪನಿಗೆ ಫೋನ್ ಮಾಡಿ ಕಲ್ಲು ಎತ್ತಿಸಬೇಕು ಅಂದೆ. "ಈಗ್ಯಾಕೋ?" ಅಂದರು. ದನ ಕಾಯೋನು ಯಾರು ಅಂತ ಗೊತ್ತಾಯ್ತಪ್ಪಾ ಅಂದೆ. ಅವರು ಜಾಸ್ತಿ ಕೇಳಲಿಲ್ಲ. "ಭತ್ತ ಕುಯ್ದಾಗಲಿ, ಬಾ" ಅಂದರು.

ಜನವರಿಯಲ್ಲಿ ಹೋದೆ. ಎರಡು ಸಿಮೆಂಟ್ ಪೈಪ್ ತರಿಸಿದೆ. ಪಕ್ಕದೂರಿನ ಜೆಸಿಬಿ ಬಂದು ಕಲ್ಲನ್ನು ನಿಧಾನಕ್ಕೆ ಎತ್ತಿ ಮಗುಚಿತು. ಚಿಕ್ಕಪ್ಪ ಪೊರಕೆಯಲ್ಲಿ ಕೆಸರು ಉಜ್ಜಿ ಬಿಂದಿಗೆ ನೀರು ಸುರಿದರು. ಮೇಲಿನ ಪಟ್ಟಿ ದಡದ ಮಣ್ಣಿನಲ್ಲಿ ಹೂತಿತ್ತು. ಸೂರ್ಯ, ಚಂದ್ರ, ಲಿಂಗ ಚೆನ್ನಾಗಿ ಉಳಿದಿವೆ. ಕೆಳಗಿನ ಪಟ್ಟಿ ಇನ್ನೊಂದು ದಡದಲ್ಲಿತ್ತು. ಅಲ್ಲಿ ಅವನು ಕತ್ತಿ ಹಿಡಿದು ನಿಂತಿದ್ದಾನೆ. ಅವನ ಕಾಲ ಹತ್ತಿರ ಮೂರು ದನ, ಒಂದಕ್ಕೆ ಕೊಂಬು ಕೂಡ ಕಾಣುತ್ತೆ. ಅಜ್ಜಿ ಹೇಳಿದ್ದು ಅಕ್ಷರಶಃ ಸರಿ.

ಮಧ್ಯದ ಪಟ್ಟಿ ನೀರಿನ ಮೇಲಿತ್ತು. ಹದಿನೇಳು ಮಳೆಗಾಲ ಮರಳು ಉಜ್ಜಿ ಹೋಗಿತ್ತು. ಅದರ ಕೆಳಗಿನ ಅಂಚಿನಲ್ಲಿ ಎರಡು ಸಾಲು ಅಕ್ಷರ ಇದ್ದ ಗುರುತಿದೆ. ಹಿಟ್ಟು ಸವರಿ ನೋಡಿದೆ, ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ, ಐವತ್ತು ಫೋಟೋ ತೆಗೆದು ಶಾಸನ ಓದಬಲ್ಲ ಒಬ್ಬರಿಗೆ ಕಳಿಸಿದೆ. ಏನೂ ಆಗಲ್ಲ ಅಂದರು. ಅವನ ಹೆಸರು ಅಲ್ಲೇ ಇದ್ದಿರಬೇಕು. ಅಳಿಸಿದವನು ನಾನು.

ಕಲ್ಲನ್ನು ಮೊದಲಿದ್ದ ಮೂಲೆಯಲ್ಲೇ ನಿಲ್ಲಿಸಿದ್ದೇವೆ. ಬೇವಿನ ಮರ ಈಗಿಲ್ಲ, ಒಂದು ಸಸಿ ನೆಟ್ಟಿದ್ದೇವೆ.

ನೀವು ಬೆಂಗಳೂರಿನಲ್ಲೇ ಇದ್ದೀರಾದರೆ ಶಿಕಾರಿಪುರದವರೆಗೂ ಹೋಗಬೇಕಿಲ್ಲ. 'ಬೆಂಗಳೂರು' ಎಂಬ ಹೆಸರು ಬರುವ ಹಳೆಯ ಶಾಸನ ಬೇಗೂರಿನ ದೇವಸ್ಥಾನದಲ್ಲಿದೆ. ಸುಮಾರು ಕ್ರಿ.ಶ. 900ರದು. ಬೆಂಗಳೂರು ಕಾಳಗದಲ್ಲಿ ಸತ್ತ ನಾಗತ್ತರನ ಕಡೆಯ ಬುಟ್ಟಣಶೆಟ್ಟಿಯ ವಿಷಯ ಅದರಲ್ಲಿದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಲ್ಲು ಇನ್ನೂ ಹಳೇದು, ಸುಮಾರು 750ರದು. ಗಂಗರ ಶ್ರೀಪುರುಷನ ಕಾಲದಲ್ಲಿ ಕಾದಿ ಸತ್ತ ಕಿತ್ತಯನದು. ಊರಿನವರೂ ಆಸಕ್ತರೂ ಸೇರಿ ಅದನ್ನು ಉಳಿಸಿಕೊಂಡರು. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಒಂದೊಂದಾಗಿ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲು ಹೋದರೂ ಅಕ್ಷರ ಉಳಿಯಲಿ ಅಂತ. 2008ರಲ್ಲಿ ನನಗೆ ಒಂದು ಫೋಟೋ ತೆಗೆಯುವ ಬುದ್ಧಿಯೂ ಇರಲಿಲ್ಲ.

ನಿಮ್ಮ ಊರಿನಲ್ಲೂ ಒಂದಿರುತ್ತೆ. ಬಟ್ಟೆ ಒಗೆಯುವ ಕಲ್ಲಾಗಿಯೋ, ದನ ಕಟ್ಟುವ ಗೂಟವಾಗಿಯೋ, ಹೊಸ್ತಿಲಾಗಿಯೋ. ಮುಂದಿನ ಸಲ ಊರಿಗೆ ಹೋದಾಗ ಬಗ್ಗಿ ನೋಡಿ. ಮಗುಚಿ ಬಿದ್ದಿದ್ದರೆ ಅದರ ಮುಖ ಯಾವ ಕಡೆ ಇದೆ ಅಂತ ವಿಚಾರಿಸಿ. ಅಕ್ಷರ ಇದ್ದರೆ ಇವತ್ತೇ ಫೋಟೋ ತೆಗೆಯಿರಿ.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಹಸು ಕರು ಹಾಕಿದೆಯಂತೆ, ಹೆಣ್ಣು ಕರು. ಇನ್ನೇನೋ ಮಾತಾಡಿ, ಇಡುವ ಮುಂಚೆ ಹೇಳಿದರು. "ಒಂದು ಲೋಟ ಹಾಲು ಹುಯ್ದು ಬಂದೆ ಕಣೋ."